ಗಾಜಿನ ಬಾಗಿಲ ಹಿಂದಿನ ಅತ್ತೆ

ಸೊಸೆಗೆ ಇಬ್ಬರು ಅತ್ತೆಯರಿದ್ದರು. ಗಂಡ ಒಬ್ಬನೇ, ಅವನಿಗೆ ತಾಯಿಯೂ ಒಬ್ಬರೇ. ಅದರಲ್ಲಿ ಗುಮಾನಿ ಬೇಡ. ಆದರೆ ಆ ಒಬ್ಬ ತಾಯಿಯೇ ಎರಡು ಕಡೆ ಇದ್ದರು. ಒಬ್ಬ ಅತ್ತೆ ಮನೆಯಲ್ಲಿ, ಮೇಲಿನ ಮಹಡಿಯ ಒಳಕೋಣೆಯಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಬೀದಿ ನೋಡುತ್ತಿದ್ದರು. ಇನ್ನೊಬ್ಬ ಅತ್ತೆ ಊರಿನ ಆಚೆ ತುದಿಯ ಪ್ರಯೋಗಾಲಯದಲ್ಲಿ, ಮೈಬಿಸಿಯಷ್ಟೇ ಬಿಸಿ ಇಟ್ಟುಕೊಂಡ ಒಂದು ಪೆಟ್ಟಿಗೆಯೊಳಗೆ, ಅಂಗೈ ಅಗಲದ ತಟ್ಟೆಯಲ್ಲಿ ಮಿಡಿಯುತ್ತಿದ್ದರು. ಸೊಸೆ ಬೆಳಿಗ್ಗೆ ಎದ್ದು ಮೊದಲನೆಯ ಅತ್ತೆಯನ್ನು ನೋಡಿ, ಬಸ್ಸು ಹತ್ತಿ ಹೋಗಿ ಎರಡನೆಯ ಅತ್ತೆಯನ್ನು ನೋಡುತ್ತಿದ್ದಳು. ನಡುವಿನ ದಾರಿಯಲ್ಲಿ ಅವಳಿಗೆ ಯಾವಾಗಲೂ ತೂಕಡಿಕೆ.

ಎರಡನೆಯ ಅತ್ತೆ ಹುಟ್ಟಿದ ಬಗೆಯನ್ನು ಹೇಳಿದರೆ ನಂಬುವುದು ಕಷ್ಟ. ಮನೆಯ ಅತ್ತೆಯ ತೋಳಿನಿಂದ ಒಂದು ಕಿರುಬೆರಳಷ್ಟು ರಕ್ತ ತೆಗೆದರು. ಆ ರಕ್ತದ ಜೀವಕೋಶಗಳಿಗೆ ತಾವು ರಕ್ತ ಎಂಬುದನ್ನೇ ಮರೆಸಿ, ಇನ್ನೂ ಏನೂ ಆಗಿರದ ಎಳೆಯ ಸ್ಥಿತಿಗೆ ತಂದರು. ಆಮೇಲೆ ಬೇರೆ ಬೇರೆ ದ್ರವ ಉಣಿಸುತ್ತಾ, ನೀವು ಹೃದಯ, ನೀವು ಹೃದಯ ಎಂದು ತಿಂಗಳುಗಟ್ಟಲೆ ಪುಸಲಾಯಿಸಿದರು. ಪುಸಲಾಯಿಸಿದವಳು ನಮ್ಮ ಸೊಸೆಯೇ. ಅವಳ ಕೆಲಸವೇ ಅದು. ಒಂದು ದಿನ ಸೂಕ್ಷ್ಮದರ್ಶಕದ ಕೆಳಗೆ ಒಂದು ಮೂಲೆ ಕದಲಿತು. ನಿದ್ದೆಯಲ್ಲಿ ರೆಪ್ಪೆ ಅದುರಿದ ಹಾಗೆ ಒಂದು ಸಲ, ಇನ್ನೊಂದು ಸಲ. ಸಂಜೆಯ ಹೊತ್ತಿಗೆ ತಟ್ಟೆಯ ತುಂಬ ಅತ್ತೆಯ ಹೃದಯ ಬಡಿದುಕೊಳ್ಳುತ್ತಿತ್ತು, ಅದೂ ಥೇಟ್ ಅವರದೇ ತಪ್ಪು ತಾಳದಲ್ಲಿ. ನಾಲ್ಕು ಸಲ ಸರಿಯಾಗಿ ಬಡಿದು, ಒಂದು ಸಲ ಮರೆತು, ಆಮೇಲೆ ಮರೆತದ್ದಕ್ಕೆ ಗಾಬರಿಯಾದಂತೆ ಗಡಿಬಿಡಿಯಲ್ಲಿ ಬಡಿಯುವುದು. ಸೊಸೆ ನಕ್ಕಳು, ನಗುತ್ತಲೇ ಅವಳ ಕಣ್ಣು ತುಂಬಿತು.

ಆ ತಪ್ಪು ತಾಳದಿಂದಲೇ ಇಷ್ಟೆಲ್ಲ ಆದದ್ದು. ಅತ್ತೆ ಒಂದು ಮಧ್ಯಾಹ್ನ ಮೆಟ್ಟಿಲಿಳಿಯುವಾಗ ಕಣ್ಣಿಗೆ ಕತ್ತಲೆ ಕವಿದು ಮೆಟ್ಟಿಲ ಮೇಲೇ ಕುಸಿದುಬಿಟ್ಟಿದ್ದರು. ಕೈಯಲ್ಲಿದ್ದ ಕೊಡೆ ಮಾತ್ರ ಅವರನ್ನು ಬಿಟ್ಟು ಬೀದಿಯವರೆಗೆ ಉರುಳಿಕೊಂಡು ಹೋಗಿತ್ತು. ಅಂದಿನಿಂದ ಅವರು ತಮ್ಮ ಕಾಲ ಮೇಲೆ ಕೆಳಗಿಳಿದಿಲ್ಲ. ಎದುರುಗಡೆಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಹೋಗುವವರು ಬರುವವರನ್ನು ನೋಡಿ, ಅವರ ಬಗ್ಗೆ ಇಲ್ಲದ ಕಥೆ ಕಟ್ಟುವುದು ಅತ್ತೆಯ ಸುಖವಾಗಿತ್ತು. ಈಗ ಅದೇ ಬೆಂಚನ್ನು ಮೇಲಿನ ಕಿಟಕಿಯಿಂದ ನೋಡಬೇಕು. ಅಲ್ಲಿಂದ ಕಾಣುವುದು ಜನರ ನಡುನೆತ್ತಿ ಮಾತ್ರ. "ನೆತ್ತಿ ನೋಡಿ ಏನು ಕಥೆ ಕಟ್ಟಲಿ?" ಎಂದು ಅವರು ಗೊಣಗುತ್ತಿದ್ದರು.

ಹೃದಯದ ಡಾಕ್ಟರು ಬಚ್ಚಿಡದೆ ಹೇಳಿದ್ದರು. ಅಂಗಡಿಯಲ್ಲಿ ಸಿಗುವ ಔಷಧಗಳು ಅತ್ತೆಗೆ ಒಗ್ಗಲಿಲ್ಲ, ಕೊಟ್ಟಾಗಲೆಲ್ಲ ತಲೆಸುತ್ತು ಹೆಚ್ಚಾಯಿತು. ಆಪರೇಷನ್‌ಗೆ ದೇಹ ತಡೆಯುವುದಿಲ್ಲ. ಉಳಿದದ್ದು ಇನ್ನೂ ಅಂಗಡಿಗೆ ಬಾರದ ಒಂದು ಹೊಸ ಔಷಧ. ಅದನ್ನು ಕೆಲವೇ ರೋಗಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದರು. ಆದರೆ ಅತ್ತೆಯನ್ನು ಆ ಗುಂಪಿಗೆ ಸೇರಿಸಿಕೊಳ್ಳಬೇಕಾದರೆ ಮೊದಲು ಅವರದೇ ಕೋಶಗಳು ಅದನ್ನು ತಡೆದುಕೊಳ್ಳಬೇಕು. ತಟ್ಟೆಯ ಅತ್ತೆ ಹೂಂ ಅಂದರೆ ಮನೆಯ ಅತ್ತೆಗೆ ಔಷಧ. ತಟ್ಟೆಯ ಅತ್ತೆ ಊಹೂಂ ಅಂದರೆ ಕಿಟಕಿಯೇ ಗತಿ, ಅದೂ ಎಷ್ಟು ದಿನವೋ ಯಾರೂ ಹೇಳಲಾರರು.

ತಟ್ಟೆ ಹೂಂ ಅಂದದ್ದನ್ನು ಕೇಳಿಸಿಕೊಳ್ಳುವುದಕ್ಕೆ ಒಂದು ಉಪಾಯವಿತ್ತು. ತಟ್ಟೆಯಲ್ಲಿ ಸಾಲುಸಾಲಾಗಿ ಪುಟ್ಟ ಪುಟ್ಟ ಕುಳಿಗಳು. ಪ್ರತಿ ಕುಳಿಯ ತಳದಲ್ಲಿ ಕೂದಲಿಗಿಂತ ತೆಳುವಾದ ಚಿನ್ನದ ಎಳೆಗಳು. ಆ ಎಳೆಗಳಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ವಿದ್ಯುತ್ತು ಹರಿಯುತ್ತದೆ. ಕೋಶಗಳು ಚಾಪೆ ಹಾಸಿದಂತೆ ಅದರ ಮೇಲೆ ಕೂತರೆ ಹರಿವಿಗೆ ಅಷ್ಟು ಅಡ್ಡಿ. ಅವು ಮಿಡಿದರೆ ಅಡ್ಡಿ ಏರಿ ಇಳಿಯುತ್ತದೆ. ಅವು ಸೊರಗಿದರೆ, ಮುದುಡಿದರೆ, ಸತ್ತರೆ, ಎಲ್ಲವೂ ಆ ಹರಿವಿಗೆ ತಿಳಿಯುತ್ತದೆ. ಹೊರಗಿನ ಪರದೆಯ ಮೇಲೆ ಅದು ಒಂದು ಗೆರೆಯಾಗಿ ಮೂಡುತ್ತದೆ. ಇದಕ್ಕೆ ಬಯೋಸೆನ್ಸರ್ ಎಂದು ಹೆಸರು. ಕೋಶಗಳಿಗೆ ಬಣ್ಣ ಬಳಿಯುವುದು ಬೇಡ, ಕತ್ತರಿಸುವುದು ಬೇಡ, ಮುಟ್ಟುವುದೂ ಬೇಡ. ಅವುಗಳನ್ನು ಅವುಗಳ ಪಾಡಿಗೆ ಬಿಟ್ಟು ಆಚೆ ಕೂತು ಗೆರೆ ನೋಡಬೇಕು, ಅಷ್ಟೇ.

ಆ ಅಷ್ಟೇ ಎನ್ನುವುದೇ ಸೊಸೆಗೆ ಆಗದ ಕೆಲಸ.

ಪ್ರಯೋಗಾಲಯದ ಮುಖ್ಯಸ್ಥರನ್ನು ಎಲ್ಲರೂ ಬೆನ್ನ ಹಿಂದೆ ಗೆರೆರಾಯರು ಎನ್ನುತ್ತಿದ್ದರು. ಮನುಷ್ಯರ ಮುಖ ನೋಡಿ ಮಾತಾಡಿದವರಲ್ಲ. ಪರದೆಯ ಗೆರೆ ನೋಡಿಕೊಂಡೇ ಶುಭಾಶಯ ಹೇಳುವವರು, ಗೆರೆ ನೋಡಿಕೊಂಡೇ ಟೀ ಕುಡಿದು ಖಾಲಿ ಲೋಟವನ್ನು ಮತ್ತೊಂದು ಸಲ ಕುಡಿಯುವವರು. ಆದರೆ ಒಳ್ಳೆಯ ಮನುಷ್ಯ. ಅತ್ತೆಯ ಕೋಶಗಳು ಬರುತ್ತವೆ ಎಂದು ತಿಳಿದಾಗ ಅವರು ಸೊಸೆಯನ್ನು ಕರೆದು, "ನೋಡಮ್ಮ, ಇದನ್ನ ಬೇರೆಯವರ ಕೈಗೆ ಕೊಡೋಣ್ವಾ? ಮನೆಯವರದ್ದು ಅಂದ್ರೆ ಕೈ ನಡುಗುತ್ತೆ," ಎಂದಿದ್ದರು.

"ನನ್ನ ಕೈ ನಡುಗಲ್ಲ ಸಾರ್," ಎಂದಿದ್ದಳು ಸೊಸೆ.

ಅದು ನಿಜವೇ. ಕೈ ಎಳ್ಳಷ್ಟೂ ನಡುಗಲಿಲ್ಲ. ನಡುಗಿದ್ದು ಬೇರೆ.

ತಟ್ಟೆ ತುಂಬುವಾಗ ಒಂದು ಪದ್ಧತಿಯಿದೆ. ಔಷಧ ಹಾಕಿದ ಕುಳಿಗಳನ್ನೂ ಹಾಕದ ಕುಳಿಗಳನ್ನೂ ಒಂದೇ ಕಡೆ ಗುಂಪು ಹಾಕದೆ ಕಲಸಿ ಹಂಚಬೇಕು. ಸೊಸೆ ಹೊಸಬರಿಗೆಲ್ಲ ಇದನ್ನು ಹೇಳಿಕೊಟ್ಟವಳು. ಆದರೆ ತನ್ನ ಅತ್ತೆಯ ತಟ್ಟೆ ತುಂಬುವಾಗ ಅವಳು ಔಷಧ ಹಾಕಿದ ಕುಳಿಗಳನ್ನೆಲ್ಲ ಮುಂದಿನ ಸಾಲಿನಲ್ಲಿ, ಬಾಗಿಲ ಪಕ್ಕಕ್ಕೆ ಇಟ್ಟಳು. ಕಾರಣ ಕೇಳಿದ್ದರೆ, ಅನುಕೂಲ ಎನ್ನುತ್ತಿದ್ದಳು. ನಿಜವಾದ ಕಾರಣ, ಬಾಗಿಲು ತೆಗೆದ ತಕ್ಷಣ ಅವು ಮೊದಲು ಕಾಣಲಿ ಎಂದು.

ಪೆಟ್ಟಿಗೆಗೆ ಎರಡು ಬಾಗಿಲು. ಹೊರಗೆ ಲೋಹದ್ದು, ಒಳಗೆ ಗಾಜಿನದು. ಊಟ ಹಾಕಲು ಅಳತೆ ನಿಲ್ಲಿಸಿದಾಗ ಬಿಟ್ಟರೆ, ಎರಡನ್ನೂ ತೆಗೆಯಕೂಡದು. ತೆಗೆದರೆ ಕೂಗಿಕೊಳ್ಳಬೇಕಾಗಿದ್ದ ಗಂಟೆ ಕೆಟ್ಟು ಬಹಳ ಕಾಲವಾಗಿತ್ತು. ಅದನ್ನು ಸರಿಮಾಡಿಸುವುದು ಎಲ್ಲರ ಕೆಲಸವಾದ್ದರಿಂದ ಯಾರೂ ಮಾಡಿಸಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವ ಸೊಸೆ ಚೀಲವನ್ನು ಮೇಜಿನ ಮೇಲಿಟ್ಟು, ಕೈ ತೊಳೆದು, ಲೋಹದ ಬಾಗಿಲು ತೆಗೆಯುತ್ತಿದ್ದಳು. ಆ ಹೊತ್ತಿನ ಬೆಳಕು ಮಸುಕು ಗಾಜಿನ ಕಿಟಕಿಯಿಂದ ಹಾಲಿನ ಹಾಗೆ ಒಳಗೆ ಸುರಿಯುತ್ತಿತ್ತು. ಯಂತ್ರಗಳೆಲ್ಲ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿದ್ದವು. ಗಾಜಿನ ಬಾಗಿಲ ಮೇಲೆ ಅವಳ ಉಸಿರಿನ ಮಂಜು ಕೂರುತ್ತಿತ್ತು. ಆ ಮಂಜು ತಟ್ಟೆಯನ್ನು ಮುಚ್ಚಿತೆಂದು ಗಾಜಿನ ಬಾಗಿಲನ್ನೂ ತೆಗೆಯುತ್ತಿದ್ದಳು. ಬೆಚ್ಚನೆಯ ಗಾಳಿ ಮುಖಕ್ಕೆ ತಾಗುತ್ತಿತ್ತು. ಬರಿಗಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ನೋಡುತ್ತಿದ್ದಳು. "ಹೇಗಿದೀರ ಅತ್ತೆ?" ಎಂದು ಮೆಲ್ಲಗೆ ಕೇಳುತ್ತಿದ್ದಳು. ಉತ್ತರ ಬಂದಂತೆ ಅನಿಸುವವರೆಗೆ ಅಲ್ಲೇ ನಿಂತಿರುತ್ತಿದ್ದಳು.

ಮನೆಯಲ್ಲೂ ಇದೇ ಕಥೆ. ಎದ್ದ ಕೂಡಲೇ ಅತ್ತೆಯ ಕೋಣೆಯ ಬಾಗಿಲನ್ನು ಕೈಯಗಲ ತೆಗೆದು ಹೊದಿಕೆ ಏರಿಳಿಯುತ್ತದೆಯೇ ಎಂದು ನೋಡುವುದು. ಆ ಬಾಗಿಲಿನ ಕೀಲು ಹಳೆಯದು, ಎಷ್ಟು ಮೆಲ್ಲಗೆ ತೆಗೆದರೂ ಕಿರ್ ಎನ್ನುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದರು. ಹೊದಿಕೆ ಏರಿ ಇಳಿದದ್ದು ಕಂಡ ಮೇಲೆಯೇ ಸೊಸೆ ಒಲೆಯ ಕಡೆ ಹೋಗುತ್ತಿದ್ದಳು. ಅವಳು ಹಾಸ್ಟೆಲಿನಲ್ಲಿ ಬೆಳೆದವಳು. ಹೆತ್ತವಳ ಮುಖ ಫೋಟೋದಲ್ಲಿ ಮಾತ್ರ ಗೊತ್ತು. ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ಜ್ವರ ಬಂದಾಗ ಅತ್ತೆ ಬಂದು ಹಣೆ ಮುಟ್ಟಿ, "ಅಯ್ಯೋ, ಸುಡ್ತಿದೆಯಲ್ಲ," ಎಂದಿದ್ದರು. ಅಷ್ಟು ಸಣ್ಣ ಮಾತನ್ನು ಅವಳು ಇಷ್ಟು ವರ್ಷ ಜೋಪಾನ ಮಾಡಿಟ್ಟುಕೊಂಡಿದ್ದಳು. ಅತ್ತೆ ಎಂದರೆ ಅವಳಿಗೆ ಜೀವ. ಅದನ್ನು ಬಾಯಿಬಿಟ್ಟು ಹೇಳುವುದು ಮಾತ್ರ ಅವಳಿಂದ ಆಗಿರಲಿಲ್ಲ.

ಗಂಡ ದೂರದೂರದ ಸರಕು ರೈಲು ಓಡಿಸುವವನು. ಮನೆಗೆ ಬಂದಾಗಲೆಲ್ಲ, "ನಿಮ್ಮಿಬ್ಬರ ಮಧ್ಯೆ ನಾನು ಪ್ರಯಾಣಿಕ," ಎಂದು ನಗಿಸಿ, ತಿಂದು, ಮಲಗಿ, ಹೋಗಿಬಿಡುತ್ತಿದ್ದ.

ಸಂಜೆ ಅತ್ತೆಯ ವಿಚಾರಣೆ ಶುರುವಾಗುತ್ತಿತ್ತು. "ಏನೇ, ಹೇಗಿದೀನಿ ಅಲ್ಲಿ?"

"ಚೆನ್ನಾಗಿದೀರ ಅತ್ತೆ."

"ಊಟ ಹಾಕಿದ್ಯಾ?"

"ಹಾಕಿದೆ. ಒಂದು ದಿನ ಬಿಟ್ಟು ಒಂದು ದಿನ ಹಾಕ್ತೀವಿ."

"ಅಲ್ಲಿ ನನ್ನನ್ನ ಉಪವಾಸ ಬೇರೆ ಕೆಡವ್ತೀಯಾ? ಅತ್ತೆ ಹೃದಯ ಸೊಸೆ ಕೈಗೆ ಸಿಕ್ಕಿದ್ದು ಈ ಲೋಕದಲ್ಲಿ ಇದೇ ಮೊದಲು ಇರಬೇಕು. ಹುಷಾರಾಗಿ ನೋಡ್ಕೋ. ಬೀಳಿಸಿಬಿಟ್ಟೀಯ."

ಅತ್ತೆ ತಮ್ಮ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಹಲಗೆಯ ತೂತುಗಳಿಗೆ ವೈರು ಚುಚ್ಚಿ ಊರಿಗೆ ಊರು ಜೋಡಿಸಿದವರು. ಆ ಕೆಲಸ ಮುಗಿದು ಎಷ್ಟೋ ಕಾಲವಾದರೂ ಕಿವಿ ಮಾತ್ರ ನಿವೃತ್ತಿಯಾಗಿರಲಿಲ್ಲ. ಒಂದು ಸಂಜೆ ದೀಪ ಹಾಕದೆ ಕೂತಿದ್ದಾಗ ಅವರು ಹೇಳಿದರು: "ಸುಮ್ಮನಿದ್ದವರೂ ತಂತಿಯಲ್ಲಿ ಗೊತ್ತಾಗ್ತಾರೆ ನೋಡು. ಯಾರೂ ಇಲ್ಲದ ಮೌನ ಬೇರೆ, ಯಾರೋ ಇದ್ದು ಸುಮ್ಮನಿರೋ ಮೌನ ಬೇರೆ. ಆಯುಷ್ಯವೆಲ್ಲ ನಾನು ಬೇರೆಯವರ ಮನೆಗೆ ಗಂಟೆ ಬಾರಿಸಿದೆ. ನನಗೆ ಅಂತ ಬಂದ ಕರೆ ಮಾತ್ರ ಕಡಿಮೆ." ಕಿಟಕಿಯಾಚೆ ಬಸ್ಸೊಂದು ಬಂದು ನಿಂತು, ಯಾರನ್ನೂ ಹತ್ತಿಸಿಕೊಳ್ಳದೆ ಹೋಯಿತು. ಸೊಸೆ ಅತ್ತೆಯ ಕಾಲ ಮೇಲಿನ ಹೊದಿಕೆ ಸರಿಮಾಡಿದಳು.

ಔಷಧ ಹಾಕಿದ ಮೇಲೆ ಮೊದಲ ದಿನ ಗೆರೆ ಚಂದವಾಗಿ ಬಂತು. ತಪ್ಪು ತಾಳ ತಿದ್ದಿಕೊಂಡಿತು. ಅತ್ತೆಯ ಕೋಶಗಳು ಶಾಲೆಯ ಮಕ್ಕಳು ಸಾಲಾಗಿ ನಡೆದ ಹಾಗೆ ಒಂದರ ಹಿಂದೊಂದು ಬಡಿದವು. ಸೊಸೆ ಅಂದು ಬಸ್ಸಿನಲ್ಲಿ ತನ್ನಷ್ಟಕ್ಕೆ ನಗುತ್ತಾ ಕೂತಿದ್ದನ್ನು ಕಂಡು ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ಆಮೇಲೆ ಕೆಟ್ಟಿತು. ಬೆಳಿಗ್ಗೆ ಗೆರೆ ಇದ್ದಕ್ಕಿದ್ದಂತೆ ಕುಸಿಯುತ್ತಿತ್ತು, ಬಡಿತ ನಿಧಾನವಾಗುತ್ತಿತ್ತು, ಹಳೆಯ ತಡವರಿಕೆ ಮರಳುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಹೇಗೋ ಚೇತರಿಸಿಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅದೇ. ಔಷಧ ಹಾಕದ ಹಿಂದಿನ ಸಾಲುಗಳಲ್ಲಿ ಈ ಕುಸಿತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೋಡಿದವರು ಯಾರಾದರೂ ಹೇಳುವುದು ಒಂದೇ ಮಾತು: ಇದು ಔಷಧದ ಹಾವಳಿ.

ಗೆರೆರಾಯರು ಪರದೆಯ ಮುಂದೆ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. "ವಿಚಿತ್ರ ಔಷಧ ಅಮ್ಮ ಇದು. ಬೆಳಿಗ್ಗೆ ಹೊತ್ತು ಮಾತ್ರ ಕೆಡುತ್ತೆ. ರಜೆ ದಿನ ನೋಡು, ಸುಮ್ಮನಿದೆ. ಔಷಧಕ್ಕೂ ರಜೆ ಇದೆಯೋ ಏನೋ." ತಮ್ಮ ತಮಾಷೆಗೆ ತಾವೇ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಅಪರೂಪಕ್ಕೆ, ಗೆರೆ ಬಿಟ್ಟು ಅವಳ ಮುಖ ನೋಡಿದರು. "ಈ ವಾರ ನೋಡ್ತೀನಿ. ಹೀಗೇ ಇದ್ರೆ ಡಾಕ್ಟರಿಗೆ ಬೇಡ ಅಂತ ಹೇಳ್ಬೇಕಾಗುತ್ತೆ. ಮನಸ್ಸು ಗಟ್ಟಿ ಮಾಡ್ಕೋ."

ಸೊಸೆ ತಲೆಯಾಡಿಸಿದಳು. ಅಂದಿನಿಂದ ಅವಳ ಕಾವಲು ಇನ್ನೂ ಹೆಚ್ಚಾಯಿತು. ಗಾಜಿನ ಬಾಗಿಲ ಮುಂದೆ ಇನ್ನೂ ಹೆಚ್ಚು ಹೊತ್ತು ನಿಂತಳು. "ಸ್ವಲ್ಪ ತಡ್ಕೊಳ್ಳಿ ಅತ್ತೆ, ದಮ್ಮಯ್ಯ," ಎಂದು ತಟ್ಟೆಯನ್ನು ಬೇಡಿಕೊಂಡಳು. ಗೆರೆ ಇನ್ನೂ ಆಳಕ್ಕೆ ಬಿತ್ತು.

ಆ ದಿನಗಳಲ್ಲೇ ಬಸ್ಸಿನ ತೂಕಡಿಕೆಯಲ್ಲಿ ಅವಳಿಗೆ ಒಂದು ಕನಸು ಬೀಳುತ್ತಿತ್ತು. ಅವಳು ತಟ್ಟೆಯ ಕುಳಿಯೊಂದಕ್ಕೆ ಇಳಿದಿರುತ್ತಾಳೆ. ಒಳಗೆ ನೋಡಿದರೆ ಕೊನೆಯೇ ಕಾಣದ ಬಯಲು, ಕಾಲ ಕೆಳಗೆ ಮೆತ್ತನೆಯ ನೆಲ, ಆ ನೆಲದೊಳಗೆ ಚಿನ್ನದ ಕಾಲುವೆಗಳು. ನೆಲ ಉಸಿರಾಡುತ್ತದೆ. ಅವಳು ಬರಿಗಾಲಲ್ಲಿ ನಡೆಯುತ್ತಾಳೆ, ಏರಿದಾಗ ಏರುತ್ತಾಳೆ, ಇಳಿದಾಗ ಇಳಿಯುತ್ತಾಳೆ. ಮೇಲೆ ಆಕಾಶ ಇರಬೇಕಾದಲ್ಲಿ ಗುಲಾಬಿ ಬಣ್ಣದ ನೀರು ಹಗುರಾಗಿ ತೂಗುತ್ತಿರುತ್ತದೆ. ದೂರದಲ್ಲಿ ಬಸ್ ನಿಲ್ದಾಣದ ಬೆಂಚು, ಬೆಂಚಿನ ಮೇಲೆ ಕೊಡೆ ಹಿಡಿದ ಅತ್ತೆ. ಅವಳು ಕರೆಯುತ್ತಾಳೆ, ದನಿ ಹೊರಡುವುದಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ತಣ್ಣನೆಯ ಗಾಳಿ ಬೀಸುತ್ತದೆ, ಆಕಾಶದ ಒಂದು ಬದಿ ದೊಡ್ಡ ಬಾಗಿಲಿನಂತೆ ತೆರೆದುಕೊಳ್ಳುತ್ತದೆ, ನೆಲ ಚಳಿಗೆ ಮುದುಡುತ್ತದೆ. ಬಾಗಿಲಲ್ಲಿ ಒಂದು ಬೃಹತ್ ಮುಖ. ಅದು ಯಾರದೆಂದು ನೋಡುವಷ್ಟರಲ್ಲಿ ಎಚ್ಚರವಾಗುತ್ತಿತ್ತು. ಅವಳು ಇಳಿಯುವ ನಿಲ್ದಾಣ ಎಷ್ಟೋ ಸಲ ಹಿಂದೆ ಹೋಗಿರುತ್ತಿತ್ತು.

ಇಷ್ಟರ ನಡುವೆ ಡಾಕ್ಟರು ಅತ್ತೆಯ ಸೊಂಟಕ್ಕೆ ಒಂದು ಪುಟ್ಟ ಯಂತ್ರ ಕಟ್ಟಿ ಕಳಿಸಿದ್ದರು. ಎದೆಗೆ ಅಂಟಿಸಿದ ಬಿಲ್ಲೆಗಳಿಂದ ಹೃದಯದ ಬಡಿತವನ್ನೆಲ್ಲ ಅದು ಬರೆದುಕೊಳ್ಳುತ್ತದೆ. ಕೆಲವು ದಿನ ಕಟ್ಟಿಕೊಂಡು ಓಡಾಡಿ ಎಂದಿದ್ದರು. "ಓಡಾಡೋದು ಎಲ್ಲಿ, ಮಂಚದಿಂದ ಕಿಟಕಿಗೆ," ಎಂದು ಅತ್ತೆ ಬಿಲ್ಲೆಗಳನ್ನು ಕೆರೆದುಕೊಂಡಿದ್ದರು. ಯಂತ್ರ ಒಪ್ಪಿಸಲು ಇಬ್ಬರೂ ಹೋದರು. ಪಕ್ಕದ ಮನೆಯವರೂ ಸೊಸೆಯೂ ಸೇರಿ ಅತ್ತೆಯನ್ನು ಕುರ್ಚಿ ಸಮೇತ ಇಳಿಸಿದರು. ಅತ್ತೆ ಪಲ್ಲಕ್ಕಿಯಲ್ಲಿ ಕೂತವರಂತೆ ಕೈಬೀಸಿ ಕೆಳಮನೆಯವರನ್ನು ನಗಿಸಿದರು.

ಡಾಕ್ಟರು ಉದ್ದನೆಯ ಕಾಗದದ ಸುರುಳಿ ಬಿಚ್ಚಿ ನೋಡುತ್ತಾ ಹೋದರು. ಒಂದು ಕಡೆ ಬೆರಳಿಟ್ಟರು. "ದಿನಾ ಬೆಳಿಗ್ಗೆ ನೀವು ಏಳೋ ಹೊತ್ತಿಗೆ ಏನಾಗುತ್ತೆ? ಇಲ್ಲಿ ನೋಡಿ, ಮಲಗಿದ್ದ ಬಡಿತ ಇದ್ದಕ್ಕಿದ್ದ ಹಾಗೆ ಎದ್ದು ಓಡುತ್ತೆ. ದಿನಾ. ಸ್ವಲ್ಪ ಹೊತ್ತು, ಆಮೇಲೆ ಸರಿ."

ಅತ್ತೆ ಮುಖದಲ್ಲಿ ಏನೂ ತೋರಿಸದೆ ಹೇಳಿದರು: "ಆಗ ನನ್ನ ಸೊಸೆ ಬಾಗಿಲು ತೆಗೆದು ನಾನು ಇದೀನಾ ಹೋದೆನಾ ಅಂತ ನೋಡ್ತಾಳೆ."

ಡಾಕ್ಟರು ಗೊಳ್ಳೆಂದು ನಕ್ಕರು. ಇದರಿಂದ ಅಪಾಯವೇನಿಲ್ಲ ಎಂದರು. ಸೊಸೆಗೆ ಆ ಮಾತು ಕೇಳಿಸಲೇ ಇಲ್ಲ. ಅವಳ ಕಣ್ಣು ಸುರುಳಿಯ ಮೇಲಿತ್ತು. ದಿನಾ ಬೆಳಿಗ್ಗೆ ಒಂದು ನೆಗೆತ. ಪರದೆಯ ಮೇಲೆ ದಿನಾ ಬೆಳಿಗ್ಗೆ ಒಂದು ಕುಸಿತ. ಇಲ್ಲಿ ಅವಳು ಎದ್ದ ಹೊತ್ತು, ಅಲ್ಲಿ ಅವಳು ತಲುಪಿದ ಹೊತ್ತು. ರಜೆಯ ದಿನ ಅಲ್ಲಿ ಕುಸಿತವಿಲ್ಲ, ಯಾಕೆಂದರೆ ರಜೆಯ ದಿನ ಅವಳೂ ಅಲ್ಲಿಲ್ಲ. ಕನಸಿನ ಬಾಗಿಲಲ್ಲಿ ಕಂಡ ಬೃಹತ್ ಮುಖ ಯಾರದೆಂದು ಅವಳಿಗೆ ಆ ಕುರ್ಚಿಯಲ್ಲಿ ಕೂತೇ ಗೊತ್ತಾಯಿತು. ತಾನು ನೋಡಿ ನೋಡಿಯೇ ಅತ್ತೆಯ ಔಷಧವನ್ನು ಕೊಲ್ಲಹೊರಟಿದ್ದಳು.

ಮರುದಿನ ಅವಳು ಗೆರೆರಾಯರ ಮುಂದೆ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮುಂದಿನ ಸಾಲಿಗೆ ಇಟ್ಟದ್ದು, ಬಾಗಿಲು ತೆಗೆದದ್ದು, ಮಾತಾಡಿಸಿದ್ದು ಕೂಡ. ಬಾಗಿಲ ಪಕ್ಕದ ಕುಳಿಗಳು ಮೊದಲು ತಣ್ಣಗಾಗುತ್ತವೆ, ತಣ್ಣಗಾದ ಹೃದಯಕೋಶ ನಿಧಾನವಾಗುತ್ತದೆ ಎಂದು ಇಬ್ಬರಿಗೂ ಗೊತ್ತಿದ್ದ ಪಾಠವನ್ನು ಮತ್ತೆ ಹೇಳಬೇಕಾಗಿರಲಿಲ್ಲ.

ಗೆರೆರಾಯರು ಪರದೆಯ ಗೆರೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ನೋಡಿದರು. ಆಮೇಲೆ ಕಿಡಿಕಾರಿದರು. ಅವರಿಗೆ ಸಿಟ್ಟು ಬಂದದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. "ಹೊಸಬರು ಮಾಡಿದ್ರೆ ಕಿವಿ ಹಿಂಡ್ತಿದ್ದೆ. ನೀನೇ ಹೀಗೆ ಮಾಡಿದ್ರೆ ಯಾರ ಕಿವಿ ಹಿಂಡ್ಲಿ? ಒಂದು ಒಳ್ಳೆ ಔಷಧನ ಕಸಕ್ಕೆ ಹಾಕ್ತಿದ್ದೆ ನಾನು. ಅದು ನಿಮ್ಮತ್ತೆಗೆ ಮಾತ್ರ ಅಲ್ಲ, ಎಷ್ಟು ಜನರ ಅತ್ತೆಯರಿಗೆ ಬೇಕೋ." ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಕನ್ನಡಕ ತೆಗೆದು ಒರೆಸುತ್ತಾ ಕೇಳಿದರು, "ಏನು ಮಾತಾಡಿಸ್ತಿದ್ದೆ ಅದನ್ನ?"

"ಹೇಗಿದೀರ ಅಂತ, ಸಾರ್."

"ಹೇಗಿದೆ ಅಂತ ಹೇಳೋಕೇ ಅಲ್ವಾ ಅಮ್ಮ ಇಷ್ಟು ದೊಡ್ಡ ಯಂತ್ರ ಇಟ್ಟಿರೋದು?" ಎಂದರು ಅವರು, ಬಹಳ ಮೆತ್ತಗೆ.

ಹೊಸ ತಟ್ಟೆ ತುಂಬಿದರು. ಈ ಸಲ ಕುಳಿಗಳನ್ನು ಗೆರೆರಾಯರೇ ಕಲಸಿ ಹಂಚಿದರು. ಯಾವುದರಲ್ಲಿ ಔಷಧ, ಯಾವುದರಲ್ಲಿ ಇಲ್ಲ ಎಂದು ಅವಳಿಗೆ ಹೇಳಲಿಲ್ಲ. ಊಟ ಹಾಕುವುದನ್ನೂ ತಾವೇ ವಹಿಸಿಕೊಂಡು, ಪೆಟ್ಟಿಗೆಯ ಬಾಗಿಲಿಗೆ ಅಡ್ಡಡ್ಡ ಅಂಟುಪಟ್ಟಿ ಹಚ್ಚಿ ಅದರ ಮೇಲೆ ತಮ್ಮ ಸಹಿ ಹಾಕಿದರು. ಗಂಟೆ ಸರಿಮಾಡುವವನನ್ನೂ ಕೊನೆಗೆ ಕರೆಸಿದರು. ಸೊಸೆ ಬೆಳಿಗ್ಗೆ ಬಂದು, ಚೀಲ ಇಟ್ಟು, ಕೈ ತೊಳೆದು, ಕೈಗೆ ಕೆಲಸವಿಲ್ಲದೆ ನಿಲ್ಲುತ್ತಿದ್ದಳು. ಹಾಲಿನಂಥ ಬೆಳಕು ಬಂದು ಮುಚ್ಚಿದ ಲೋಹದ ಮೇಲೆ ಬೀಳುತ್ತಿತ್ತು. ತಲೆ ಮೇಲೆ ತಲೆ ಬಿದ್ದರೂ ತೆಗೆಯುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು, ಬೆನ್ನು ಹಾಕಿ ಕೂತು ಬೇರೆ ತಟ್ಟೆಗಳಿಗೆ ಉಣಿಸುತ್ತಿದ್ದಳು. ಬೆನ್ನ ಹಿಂದೆ ಅತ್ತೆ ಬಡಿದುಕೊಳ್ಳುತ್ತಿದ್ದಾರೆ ಎಂಬುದು ಕುತ್ತಿಗೆಗೆ ತಾಗಿದ ಬಿಸಿಲಿನಂತೆ ಸದಾ ತಿಳಿಯುತ್ತಲೇ ಇರುತ್ತಿತ್ತು.

ಮನೆಯಲ್ಲೂ ಬಾಗಿಲು ತೆಗೆಯುವುದನ್ನು ಬಿಟ್ಟಳು. ಸುರುಳಿಯ ಮೇಲಿನ ಆ ನೆಗೆತ ಅವಳ ಕಣ್ಣಿಗೆ ಕಟ್ಟಿತ್ತು. ನಿದ್ದೆಯಲ್ಲಿದ್ದ ಮುದುಕಿಯನ್ನು ದಿನಾ ಬೆಚ್ಚಿಬೀಳಿಸಿ, ಸೋತ ಹೃದಯವನ್ನು ಓಡಿಸಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಎದ್ದು, ಆ ಬಾಗಿಲನ್ನು ದಾಟಿ, ಹೆಜ್ಜೆ ಸಪ್ಪಳವಾಗದಂತೆ ಒಲೆಯ ಕಡೆ ಹೋಗುತ್ತಿದ್ದಳು. ಒಳಗೆ ಕೆಮ್ಮಿದ ಸದ್ದು ಕೇಳಿದರೆ ಉಸಿರು ಬಿಡುತ್ತಿದ್ದಳು.

ಅತ್ತೆ ಸಪ್ಪಗಾದರು. ಸಂಜೆಯ ವಿಚಾರಣೆ ನಿಂತಿತು. ಟೀ ಕೊಟ್ಟರೆ ಕುಡಿದರು, ಕೇಳಿದ್ದಕ್ಕೆ ಹೂಂ ಅಂದರು. ಕಿಟಕಿಯ ಪರದೆ ಎಳೆದುಕೊಂಡು ಮಲಗುವುದು ಹೆಚ್ಚಾಯಿತು. "ಮೈಗೆ ಹುಷಾರಿಲ್ವಾ ಅತ್ತೆ?" ಎಂದರೆ, "ಮೈಗೇನಾಗಿದೆ ಮೈಗೆ," ಎನ್ನುತ್ತಿದ್ದರು. ಸೊಸೆಗೆ ದಿಗಿಲಾಯಿತು. ಬಾಗಿಲು ತೆಗೆದು ನೋಡಬೇಕೆಂಬ ಆಸೆ ಇನ್ನಷ್ಟು ಹೆಚ್ಚಿತು. ಹೆಚ್ಚಿದಷ್ಟೂ ಅದನ್ನು ಒಳಗೇ ಅದುಮಿಕೊಂಡಳು. ಒಂದೇ ಮನೆಯಲ್ಲಿ ಇಬ್ಬರೂ ಒಂದೊಂದು ಬದಿಯಲ್ಲಿ ಕಿವಿ ನಿಮಿರಿಸಿಕೊಂಡು ಇರುತ್ತಿದ್ದರು. ರೈಲಿನವನು ಬಂದು ನೋಡಿ, "ಏನಿದು, ಇಬ್ಬರೂ ಮೌನವ್ರತಾನಾ?" ಎಂದು ಕೇಳಿ, ತಲೆ ಕೆರೆದುಕೊಂಡು ಹೋದ.

ಅಳತೆ ಮುಗಿದ ದಿನ ಗೆರೆರಾಯರು ಅವಳನ್ನು ಕರೆದು ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಪರದೆಯ ಮೇಲೆ ಗೆರೆಗಳ ಸಾಲು. ಔಷಧ ಹಾಕದವು ಮೊದಲಿನಂತೆ ಎಡವುತ್ತಿದ್ದವು, ಮರೆಯುತ್ತಿದ್ದವು, ಗಾಬರಿಯಾಗುತ್ತಿದ್ದವು. ಔಷಧ ಹಾಕಿದವು ಮೊದಲ ದಿನದಿಂದ ಕೊನೆಯ ದಿನದವರೆಗೆ, ಬೆಳಿಗ್ಗೆ ಸಂಜೆ ಎನ್ನದೆ, ಒಂದೇ ಸಮನೆ ಏರಿ ಇಳಿದಿದ್ದವು. ನಿದ್ದೆ ಹೋದ ಮಗುವಿನ ಎದೆ ಏರಿಳಿದ ಹಾಗಿತ್ತು. ಎಲ್ಲೂ ಒಂದು ಕುಸಿತವಿಲ್ಲ. ಸೊಸೆ ಪರದೆಯನ್ನು ಮುಟ್ಟಲು ಹೋಗಿ, ಕೈ ಹಿಂದಕ್ಕೆ ತೆಗೆದುಕೊಂಡಳು.

"ಈಗ ಮುಟ್ಟಬಹುದು," ಎಂದರು ಗೆರೆರಾಯರು. "ಡಾಕ್ಟರಿಗೆ ಫೋನ್ ಮಾಡಿದೀನಿ. ಸೇರಿಸಿಕೊಳ್ತಾರಂತೆ."

ಮನೆಗೆ ಹೋಗಿ ಹೇಳಿದಾಗ ಅತ್ತೆ ಅವಳ ತಲೆ ಸವರಿ, "ಒಳ್ಳೇದಾಯ್ತು," ಎಂದರು. ಅಷ್ಟೇ. ಕೆಳಗಿಳಿದು ಬೆಂಚಿನ ಮೇಲೆ ಕೂರುವ ಮಾತನ್ನು ಸೊಸೆ ಎತ್ತಿದರೂ ಅವರ ದನಿಗೆ ಜೀವ ಬರಲಿಲ್ಲ. ಇಷ್ಟು ಕಷ್ಟಪಟ್ಟು ತಂದ ಸುದ್ದಿ ಇಷ್ಟು ಬೇಗ ತಣ್ಣಗಾಯಿತಲ್ಲ ಎಂದು ಸೊಸೆಗೆ ಅಳು ಬಂತು. ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಎದ್ದವಳು ಒಲೆಯ ಕಡೆ ಹೊರಟು, ಅತ್ತೆಯ ಬಾಗಿಲ ಮುಂದೆ ನಿಂತುಬಿಟ್ಟಳು. ಕಾಲು ಮುಂದೆ ಹೋಗಲಿಲ್ಲ. ಬೆಳಗಿನ ತೆಳುಬೆಳಕು ಬಾಗಿಲ ಕೆಳಗಿನ ಸಂದಿನಿಂದ ಹರಿದು ಬಂದು ಅವಳ ಕಾಲ್ಬೆರಳುಗಳನ್ನು ಮುಟ್ಟಿತ್ತು. ನೆಲವೇ ಮೆಲ್ಲಗೆ ಏರಿಳಿಯುತ್ತಿದೆಯೇನೋ ಎಂದು ಅವಳಿಗೆ ಅನಿಸಿತು. ಚಿಲಕದ ಕಡೆ ಹೋದ ಕೈಯನ್ನು ಮತ್ತೆ ಎದೆಗೆ ಒತ್ತಿಕೊಂಡಳು.

"ನಿಂತಿದೀಯ ಅಂತ ಗೊತ್ತು," ಒಳಗಿನಿಂದ ಅತ್ತೆಯ ದನಿ ಬಂತು. "ಯಾಕೆ ಬರೋದು ಬಿಟ್ಟೆ?"

ಸೊಸೆ ಬಾಗಿಲಿಗೆ ಹಣೆ ತಾಗಿಸಿದಳು. "ನಾನು ಬಾಗಿಲು ತೆಗೆದ್ರೆ ನಿಮ್ಮ ಎದೆ ಓಡುತ್ತೆ ಅತ್ತೆ. ಡಾಕ್ಟರ ಕಾಗದದಲ್ಲಿ ನೋಡಿದ್ನಲ್ಲ. ಬೆಚ್ಚಿಬೀಳ್ತೀರ. ಅಲ್ಲಿ ಪೆಟ್ಟಿಗೇಲೂ ಹಾಗೇ ಆಗಿತ್ತು. ನಾನು ಬಾಗಿಲು ತೆಗೆದು ತೆಗೆದೇ ಎಲ್ಲ ಕೆಡ್ತಿತ್ತು."

"ಅಲ್ಲಿ ಗೆರೆ ಏನಾಗ್ತಿತ್ತು?"

"ಕೆಳಗೆ ಬೀಳ್ತಿತ್ತು."

"ನನ್ನದು?"

"ಮೇಲೆ ಹೋಗ್ತಿತ್ತು."

ಒಳಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಅದು ಯಾರೋ ಇದ್ದು ಸುಮ್ಮನಿರುವ ಮೌನ. ಸೊಸೆಗೂ ಈಗ ಅದು ಗೊತ್ತಾಗುತ್ತಿತ್ತು.

"ನಾನು ಎಚ್ಚರವಾಗೇ ಇರ್ತಿದ್ದೆ," ಎಂದರು ಅತ್ತೆ. "ನೀನು ಏಳೋಕೆ ಮುಂಚೆನೇ ಎಚ್ಚರವಾಗಿ ಕಾಯ್ತಾ ಇರ್ತಿದ್ದೆ. ಕಣ್ಣು ಬಿಟ್ರೆ ನೀನು ನಾಚ್ಕೊಂಡು ಬರೋದೇ ಬಿಡ್ತೀಯ ಅಂತ ಮುಚ್ಚಿಕೊಂಡಿರ್ತಿದ್ದೆ. ದಿನಾ ಬೆಳಿಗ್ಗೆ ನನಗೆ ಅಂತ ಒಂದು ಕರೆ ಬರ್ತಿತ್ತು. ನೀನು ನಿಲ್ಲಿಸಿಬಿಟ್ಟೆ."

ಸೊಸೆಯ ಕೈ ಮತ್ತೆ ಚಿಲಕದ ಕಡೆ ಹೋಯಿತು.

"ಅಲ್ಲಿರೋವು ನನ್ನವೇ ಇರಬಹುದು," ಅತ್ತೆಯ ದನಿ ಒಡೆದಿತ್ತು. "ಆದ್ರೆ ಬಾಗಿಲು ತೆಗೆದವಳು ಯಾರು ಅಂತ ಅವಕ್ಕೇನು ಗೊತ್ತು? ಚಳಿ ಬಂತು ಅಂತ ಮಾತ್ರ ಗೊತ್ತು. ನನಗೆ ನೀನು ಗೊತ್ತು. ಒಳಗೆ ಬಾ."

ಕೀಲು ಕಿರ್ ಎಂದಿತು. ಅತ್ತೆ ಕಣ್ಣು ತೆರೆದುಕೊಂಡೇ ಇದ್ದರು.